ನೆಲ ಮೇಲೆ ಬಂದ ಮನೆ

ಇಳಕಲ್ಲಿನ ನಮ್ಮ ಮನೆಗೆ ಬಂದವರಲ್ಲಿ ಹಣೆಗೆ ಪೆಟ್ಟು ಮಾಡಿಕೊಳ್ಳದೆ ಹೋದವರು ಕಡಿಮೆ. ನಡುಮನೆಯ ತೊಲೆ ಅಷ್ಟು ಕೆಳಗಿತ್ತು. ಬೀಗರು, ಭಿಕ್ಷೆಗೆ ಬಂದ ಅಯ್ಯನವರು, ಮನೆಮನೆ ತಿರುಗಿ ತಲೆ ಎಣಿಸಲು ಬಂದ ಮಾಸ್ತರರು, ಎಲ್ಲರಿಗೂ ಆ ತೊಲೆ ಭೇದವಿಲ್ಲದೆ ಒಂದೇ ಮರ್ಯಾದೆ ಮಾಡಿ ಕಳಿಸುತ್ತಿತ್ತು. ಪೆಟ್ಟು ತಿಂದವರು ಹಣೆ ಉಜ್ಜಿಕೊಳ್ಳುತ್ತ, ಈ ಮನೆ ಕಟ್ಟಿದವನು ಭಾಳ ಕುಳ್ಳ ಇದ್ದಿರಬೇಕು ಎನ್ನುವರು. ಕಟ್ಟಿದವನು ಬಾಗಿಲಲ್ಲಿ ಬಗ್ಗಿ ಹಾಯುವಷ್ಟು ಎತ್ತರದ ಆಳು ಎಂದು ನನ್ನ ಆಯಿ, ಅಂದರೆ ಅಪ್ಪನ ತಾಯಿ, ಗಂಟಲು ಹರಿಯುವಂತೆ ವಾದಿಸುವಳು. ಯಾರೂ ನಂಬುತ್ತಿರಲಿಲ್ಲ. ಖರೆ ಸಂಗತಿ ಏನೆಂದರೆ, ಆ ತೊಲೆ ಮೊದಲು ಎಲ್ಲಿತ್ತೋ ಇವತ್ತಿಗೂ ಅಲ್ಲೇ ಇದೆ. ಅದು ಇಳಿದು ಬಂದದ್ದಲ್ಲ, ನೆಲ ಏರಿ ಹೋದದ್ದು. ಮನುಷ್ಯರು ಮೇಲೆ ಬಂದರೆ ಊರು ಹೊಗಳುತ್ತದೆ. ಮನೆಯ ನೆಲ ಮೇಲೆ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಇದನ್ನು ಬರೆದಿಡುತ್ತಿದ್ದೇನೆ.

ನಮ್ಮದು ನೇಕಾರರ ಓಣಿ. ಮಗ್ಗವೆಂದರೆ ಕುಣಿಮಗ್ಗ. ನಡುಮನೆಯ ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ಅದರ ಅಂಚಿಗೆ ಕೂತು ಕಾಲು ಇಳಿಬಿಟ್ಟರೆ ಪಾದಕ್ಕೆ ತುಳಿಯುವ ಹಲಗೆಗಳು ಸಿಗುತ್ತವೆ. ಹೊಟ್ಟೆಯ ಮಟ್ಟದಲ್ಲಿ ಹಾಸು, ಎಂದರೆ ಸೀರೆಯ ಉದ್ದದ ಎಳೆಗಳು, ಎದುರಿನ ಗೋಡೆಯ ಗೂಟದವರೆಗೆ ಬಿಗಿದಿರುತ್ತವೆ. ಅಪ್ಪ ನಸುಕಿಗೆ ಕುಣಿಗೆ ಇಳಿದರೆ ಮಧ್ಯಾಹ್ನದ ಊಟಕ್ಕೆ ಒಮ್ಮೆ ಮೇಲೆ ಬಂದು, ಮತ್ತೆ ಇಳಿದು, ದೀಪ ಹಚ್ಚುವ ಹೊತ್ತಿಗೇ ಏಳುವುದು. ಹಾಗಾಗಿ ನನ್ನ ಬಾಲ್ಯದ ಅಪ್ಪ ನಡುವಿನ ಮೇಲೆ ಮಾತ್ರ ಇದ್ದ. ಅವನಿಗೆ ಕಾಲುಗಳಿವೆ ಎಂಬುದನ್ನು ನಾನು ಅಮಾವಾಸ್ಯೆಗೊಮ್ಮೆ, ಮಗ್ಗಕ್ಕೆ ರಜೆ ಇದ್ದ ದಿನ, ಹೊಸದಾಗಿ ತಿಳಿದುಕೊಳ್ಳುತ್ತಿದ್ದೆ. ಅಂದು ಅವನು ಓಣಿಯಲ್ಲಿ ನಡೆದು ಹೋಗುವುದನ್ನು ಕಂಡರೆ, ಊರ ಗುಡಿಯ ದೇವರು ಎದ್ದು ಪ್ಯಾಟಿಗೆ ಹೊರಟಷ್ಟು ಅಚ್ಚರಿ ನನಗೆ. ಆ ಕುಣಿಯ ಸುತ್ತಲೇ ನಮ್ಮ ಸಂಸಾರ. ಒಂದು ಬದಿಗೆ ಒಲೆ, ಒಂದು ಬದಿಗೆ ದೇವರ ಜಗಲಿ, ನಡುವೆ ಉಣ್ಣಲು ಕೂಡುವ ಜಾಗ. ಊಟದ ಹೊತ್ತಿನಲ್ಲಿ ಯಾರಾದರೂ ಜಗಳಕ್ಕೆ ಬಿದ್ದರೆ ಅಪ್ಪ ಮಾತಾಡದೆ ಎದ್ದು ಹೋಗಿ ಲಾಳಿ ಹೊಡೆಯುವನು. ಮಗ್ಗದ ಸಪ್ಪಳಕ್ಕೆ ಜಗಳ ಕೇಳಿಸದೆ ತಾನೇ ಸಾಯುತ್ತಿತ್ತು.

ಆ ವರ್ಷ ಅಕ್ಕನ ಮದುವೆ ಗೊತ್ತಾಗಿತ್ತು. ಅಕ್ಕ ಶಾಂತವ್ವ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಗಂಡಿನ ಮನೆ ಅಮೀನಗಡದ ಕರದಂಟಿನ ಅಂಗಡಿಯವರು. ಬೀಗತಿ ಗಂಗವ್ವ ಎತ್ತರದ, ಗಟ್ಟಿ ದನಿಯ, ಬೆಲ್ಲದ ಪಾಕ ತಿರುವಿ ತಿರುವಿ ತೋಳು ಗಟ್ಟಿಯಾದ ಹೆಂಗಸು. ಹೆಣ್ಣು ನೋಡಲು ಬಂದಾಗ ನನ್ನ ಗದ್ದ ಹಿಡಿದು ಎತ್ತಿದವಳು, ಎತ್ತಿದ್ದು ಇನ್ನೂ ಇಳಿದಿಲ್ಲವೇನೋ ಅನ್ನಿಸುತ್ತದೆ. ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ವರ್ಷವೆಲ್ಲ ನೇದ ಸೀರೆ ಪರರ ಮೈಮೇಲೆ ಹೋದರೂ, ಮಗಳ ಧಾರೆಯ ಸೀರೆಯನ್ನು ಮಾತ್ರ ಅಪ್ಪನಾದವನು ತನ್ನ ಮಗ್ಗದಲ್ಲೇ, ತನ್ನ ಕೈಯಿಂದಲೇ ನೇಯಬೇಕು. ಹೂಡಿದ ಮೇಲೆ ಪೂರ್ತಿಯಾಗುವವರೆಗೆ ಅದನ್ನು ಕತ್ತರಿಸಿ ಇಳಿಸಬಾರದು. ಇದರಲ್ಲಿ ಕಸುಬಿನ ಕಾರಣವೂ ಉಂಟು. ಇಳಕಲ್ಲಿನ ಸೀರೆಯ ಕೆಂಪು ಸೆರಗಿನ ಹಾಸೇ ಬೇರೆ, ಒಡಲಿನ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಪ್ರತಿ ಸೀರೆಗೂ ಹೊಸ ಹಾಸು, ಹೊಸ ಕೊಂಡಿ. ನಡುವೆ ಕತ್ತರಿಸಿದರೆ ಅದು ಸೀರೆಯಲ್ಲ, ಅರಿವೆ. ಆಯಿಯ ಕಾರಣ ಬೇರೆ ಇತ್ತು.

"ಅರ್ಧಕ್ಕ ಕತ್ತರಿಸಿದ್ದು ಮದುವಿಗೆ ಬರೂದಿಲ್ಲ," ಎನ್ನುವಳು. "ಮತ್ತೊಂದಕ್ಕ ಬರತೈತಿ."

ಆ ಮತ್ತೊಂದು ಯಾವುದೆಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಕ್ಕನ ಹಸಿರು ಒಡಲಿಗೆ, ಕೆಂಪು ಸೆರಗಿಗೆ ಕೊಂಡಿ ಹಾಕಿದವಳು ಆಯಿಯೇ. ಆರು ದಿನ ಬೆರಳು ಎಂಜಲು ಮಾಡಿಕೊಂಡು, ಮಾತಾಡದೆ ಕೂತಿದ್ದಳು. ಅವಳು ಮಾತಾಡದೆ ಕೂತದ್ದೇ ಒಂದು ಅಪಶಕುನವೆಂದು ಅವ್ವ ಮೆಲ್ಲಗೆ ಅಂದದ್ದು ನೆನಪಿದೆ.

ಸೆರಗು ನೇದು ಮುಗಿದು, ಒಡಲು ಎರಡು ಮೊಳ ಆಗಿತ್ತು. ಕಡು ಬೇಸಿಗೆ. ಓಣಿಯ ನಳದ ಮುಂದೆ ಕೊಡಗಳು ಹೆಂಗಸರಿಗಿಂತ ಮುಂಚೆ ಬಂದು ಸಾಲು ಹಿಡಿಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಅವ್ವ ಅಪ್ಪನ ಧೋತರ ಒಗೆಯಲು ತೆಗೆದುಕೊಂಡವಳು, ಅಂಚನ್ನು ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ನಾಲ್ಕು ಬೆರಳಿನಗಲ ಕೆಸರಿನ ಗೆರೆ. ಹಿಂದಿನ ದಿನದ್ದನ್ನೂ ಹುಡುಕಿ ತೆಗೆದಳು. ಅದಕ್ಕೂ ಗೆರೆ, ಮೂರು ಬೆರಳಿನಗಲ. ಅದರ ಹಿಂದಿನದಕ್ಕೆ ಎರಡು. ಅವ್ವ ಸಾಲಿ ಕಲಿತವಳಲ್ಲ. ಆದರೂ ಅಂದು ಧೋತರದ ಅಂಚಿನಲ್ಲಿ ಒಂದು ಪೂರ್ತಿ ಪುಸ್ತಕ ಓದಿದಳು. ಮಧ್ಯಾಹ್ನ ಅಪ್ಪ ಉಣ್ಣಲು ಕೂತಾಗ ರೊಟ್ಟಿ ಬಡಿಸಿ, ಧೋತರವನ್ನು ತಾಟಿನ ಪಕ್ಕಕ್ಕೆ ಇಟ್ಟಳು.

"ಇದೇನ್ರೀ?"

"ಧೋತರ," ಎಂದ ಅಪ್ಪ.

"ಧೋತರ ಅನ್ನೂದು ನನಗೂ ಗೊತ್ತೈತಿ. ಎಷ್ಟು ದಿನಾತು ನೀರು ಬಂದು?"

ಅಪ್ಪ ರೊಟ್ಟಿ ಮುರಿದ. ಪುಂಡಿಪಲ್ಯ ಹಚ್ಚಿದ. ಬಾಯಲ್ಲಿಟ್ಟು ಅಗಿದ. ನಾವು ನಾಲ್ವರು ಹೆಂಗಸರು ಅವನ ದವಡೆಯನ್ನೇ ನೋಡುತ್ತ ಕೂತೆವು.

"ಹನ್ನೊಂದು ದಿನ," ಎಂದ ಕೊನೆಗೆ. "ಬ್ಯಾಸಗಿ ಐತಿ, ಆರತೈತಿ ಅಂತ ಸುಮ್ನಿದ್ದೆ."

"ಕುಣಿಯಾಗ ನೀರಿಟ್ಕೊಂಡು ಹನ್ನೊಂದು ದಿನ ಹಸಿ ಎಳಿ ನೇದಿಯೇನೋ ತಮ್ಮಾ?" ಎಂದಳು ಆಯಿ. ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ನೇಕಾರ ಮಾಡಬಾರದ ತಪ್ಪು ಅದು. ತೇವ ಹಿಡಿದ ಎಳೆ ನೇಯುವಾಗ ಜೋತು ಬೀಳುತ್ತದೆ. ಕೈ ಅದನ್ನು ಬಿಗಿಯುತ್ತದೆ. ಆರಿದ ಮೇಲೆ ಅಷ್ಟು ಜಾಗ ಸೆಳೆದುಕೊಂಡು ಸುಕ್ಕಾಗುತ್ತದೆ. ನೇದ ಸೀರೆ ಸುತ್ತಿದ ದಿಂಡು ಬಿಚ್ಚಿ ನೋಡಿದಾಗ ಹಸಿರಿನ ನಡುವೆ ಒಂದು ಗೇಣು, ಮುದುಕಿಯ ಕೆನ್ನೆಯ ಹಾಗೆ, ನೆರಿಗೆ ಬಿದ್ದಿತ್ತು. ಬಿಚ್ಚಿ ನೇಯಲು ಬರುವಂತಿರಲಿಲ್ಲ. ಎಳೆ ಆಗಲೇ ಸೊರಗಿದ್ದವು. ಆಯಿ ಆ ಸುಕ್ಕಿನ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ನೋಡಿದಂತೆ ನೋಡಿ, ಕೈ ತೆಗೆದಳು.

ಅಂದಿನಿಂದ ನಸುಕಿನಲ್ಲಿ ಕುಣಿಯ ನೀರು ತೋಡುವ ಹುದ್ದೆ ನನಗೆ ಬಂತು. ಮೊದಲು ತಂಬಿಗೆಯಿಂದ ತೋಡಿದೆ, ವಾರ ಕಳೆಯುವುದರೊಳಗೆ ಕೊಡದಿಂದ. ಓಣಿಯೆಲ್ಲ ನೀರಿಗೆ ಬಡಿದಾಡುವಾಗ ನಾವು ಕೊಡಗಟ್ಟಲೆ ನೀರು ಗಟಾರಕ್ಕೆ ಚೆಲ್ಲುವ ಶ್ರೀಮಂತರಾದೆವು. ಆ ನೀರು ಉಪ್ಪು. ಎಮ್ಮೆ ಸಹ ಮೂಸಿ ಮುಖ ತಿರುಗಿಸುತ್ತಿತ್ತು. ಆಯಿ ಶಿವಯೋಗ ಮಂದಿರದಿಂದ ತಂದ ವಿಭೂತಿಯ ಗಟ್ಟಿಯನ್ನು ಕುಣಿಯ ನಾಲ್ಕು ಮೂಲೆಗೆ ತೇಯ್ದಳು. ಗಂಗಾಮಾಯಿ ಮನೆಗೆ ಬಂದಾಳ, ಉಡಿ ತುಂಬಿ ಕಳಿಸಬೇಕು ಎಂದು ನೀರು ತೋಡಿದ ಕುಣಿಯ ತಳಕ್ಕೆ ಹಸಿರು ಬಳೆ, ಎಲಿ ಅಡಿಕಿ ಇಟ್ಟಳು. ಮರುದಿನ ಬಳೆಗಳು ತೇಲುತ್ತಿದ್ದವು ಎಂದು ನಾನು ಈಗ ಬರೆದರೆ ಕಥೆಗೆ ಚಂದ, ಬಳೆಗಳು ತೇಲುವುದಿಲ್ಲ. ಅವು ಮುಳುಗಿದ್ದವು. ಎಲೆ ತೇಲುತ್ತಿತ್ತು.

ಊರ ಹೊರಗೆ ಕೆಂಪು ಕಲ್ಲಿನ ಖಣಿಗಳಿದ್ದವು. ದಿನಾ ಮಧ್ಯಾಹ್ನ ಒಂದು ಸೀಟಿ ಊದುವರು. ಸ್ವಲ್ಪ ಹೊತ್ತಿಗೆ ಮದ್ದು ಹಾರಿಸಿ ಬಂಡೆ ಸಿಡಿಸುವರು. ಭೂಮಿಯ ಹೊಟ್ಟೆಯೊಳಗೆ ಯಾರೋ ಬಾಗಿಲು ಹಾಕಿಕೊಂಡಂಥ ಸಪ್ಪಳ. ಮಾಡದ ಮೇಲಿನ ಹಿತ್ತಾಳೆ ಸಾಮಾನು ಒಮ್ಮೆ ಗಲ್ ಎನ್ನುವವು, ಮಣ್ಣಿನ ಮಾಳಿಗೆಯಿಂದ ಒಂದಿಷ್ಟು ಹುಡಿ ಉದುರುವುದು, ಅವ್ವ ಸಾರಿನ ಗಡಿಗೆಗೆ ಮುಚ್ಚಳ ಹಾಕುವಳು. ಇಷ್ಟು ವರ್ಷ ಅದನ್ನು ನಾವು ಗಡಿಯಾರವೆಂದು ತಿಳಿದಿದ್ದೆವು. ಆ ಬೇಸಿಗೆಯಲ್ಲಿ ಸಪ್ಪಳ ದಿನದಿಂದ ದಿನಕ್ಕೆ ಹತ್ತಿರವಾಗುತ್ತಿತ್ತು, ಮತ್ತು ಪ್ರತಿ ಸಪ್ಪಳದ ಮರುದಿನ ನನ್ನ ಕೊಡಗಳು ಒಂದೆರಡು ಹೆಚ್ಚಾಗುತ್ತಿದ್ದವು. ಇವೆರಡನ್ನೂ ಕೂಡಿಸಿ ನೋಡಿದವನು ಹುಸೇನ ಕಾಕಾ. ನಮ್ಮ ಓಣಿಯ ಹಿಂದಿನ ಸಾಲಿನವನು, ಖಣಿಯಲ್ಲಿ ಕಲ್ಲು ಸೀಳುವ ಕೆಲಸ. ಅಪ್ಪನ ಜತೆ ಗೋಲಿ ಆಡಿ ದೊಡ್ಡವನಾದವನು. ಕುಣಿಯ ಅಂಚಿಗೆ ಬೋರಲು ಮಲಗಿ, ಕಿವಿ ಒಳಗೆ ಇಟ್ಟು ಕೇಳಿದ. ದಾಕ್ತರನ ಮುಂದೆ ನಿಂತಂತೆ ನಿಂತೆವು.

"ಮಲ್ಲ್ಯಾ, ಕೆಳಗ ಬಂಡಿಗಲ್ಲು ಬಾಯಿ ಬಿಟ್ಟೈತಿ," ಎಂದ. "ಎಲ್ಲೋ ಇದ್ದ ಸೆಲಿ ದಾರಿ ಹಿಡದು ಇಲ್ಲಿ ಬಂದೈತಿ. ಇದು ಆರೂದಿಲ್ಲಲೇ. ನಾವು ಆರತೇವಿ, ಇದು ಆರೂದಿಲ್ಲ."

"ಖಣಿ ನಿಲ್ಲಸ್ತಾರೇನು?"

"ನಿಲ್ಲಿಸಿದ್ರ ನಾ ಏನ್ ತಿನ್ನಲಿ? ನಿನ್ನ ಸೀರಿ ತಿನ್ನಲೇನು?"

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಇಬ್ಬರೂ ಕುಣಿಯನ್ನು ನೋಡುತ್ತ ಕೂತರು. ಓಣಿಯ ತುದಿಯ ಮನೆಗೂ ಹೀಗೇ ಆಗಿತ್ತು. ಅವರ ಹಿತ್ತಲ ಗೋಡೆ ಒಂದು ದಿನ ತಾನಾಗಿ ಕೂತುಕೊಂಡಿತು. ಅವರು ಮಗ್ಗ ಬಿಚ್ಚಿ ಊರು ಬಿಟ್ಟರು. ಆ ಖಾಲಿ ಮನೆಯ ಮುಂದೆ ಹಾಯುವಾಗ ಅವ್ವ ನನ್ನ ಕೈ ಹಿಡಿದು ಆಚೆ ಬದಿಗೆ ಎಳೆದುಕೊಳ್ಳುವಳು.

ಅಪ್ಪನ ಪಾದಗಳು ನೆನೆಸಿಟ್ಟ ಸಾಬೂದಾಣಿಯ ಹಾಗೆ ಬೆಳ್ಳಗಾದವು. ಬೆರಳ ಸಂದಿ ಬಿರಿದವು. ತುಳಿಯುವ ಹಲಗೆಯ ಹಗ್ಗ ಕೊಳೆತು ಹರಿಯಿತು, ಹೊಸದು ಕಟ್ಟಿದ. ಅದೂ ಹರಿಯಿತು, ತಂತಿ ಕಟ್ಟಿದ. ಒಂದು ದಿನ ಕುಣಿಯ ಎಡಗಡೆಯ ಮಣ್ಣು ಬೆಣ್ಣೆಯ ಹಾಗೆ ಜಾರಿ, ಅವನ ಮೊಣಕಾಲಿನವರೆಗೆ ತುಂಬಿಕೊಂಡಿತು. ನಾವೆಲ್ಲ ಕೂಡಿ ಎಳೆದೆವು. ಎಳೆಯುವಾಗ ಅವನು ಒಂದು ಕೈಯನ್ನು ನಮಗೆ ಕೊಟ್ಟು, ಇನ್ನೊಂದರಿಂದ ಹಾಸು ಅಲುಗದಂತೆ ಹಿಡಿದುಕೊಂಡಿದ್ದ. ಮೇಲೆ ಬಂದ ಮೇಲೂ ಬಿಡಲಿಲ್ಲ. ಮದುವೆಗೆ ಉಳಿದದ್ದು ಇಪ್ಪತ್ತೈದು ದಿನ, ಸೀರೆ ಅರ್ಧ. ಅಂದು ಒಲೆ ಹೊತ್ತಲಿಲ್ಲ. ಅಕ್ಕ ಮೊದಲು ಬಾಯಿ ಬಿಟ್ಟಳು.

"ಕತ್ತರಿಸಿ ಬಿಡ್ರಿ ಯಪ್ಪಾ. ಪ್ಯಾಟ್ಯಾಗಿನ ಸೀರಿ ಉಟ್ಟರ ನಾ ಏನ್ ಸಾಯೂದಿಲ್ಲ."

ಆ ಮಾತು ಬಾಯಿಂದ ಬಿದ್ದದ್ದೇ ಅವ್ವ ಅವಳ ಬಾಯಿಯ ಮೇಲೆ ಕೈ ಇಟ್ಟಳು. ಆಯಿ ಜಪದ ಮಣಿ ತಿರುವುವುದನ್ನು ನಿಲ್ಲಿಸಿದಳು. ಅಪ್ಪ ಕಾಲಿನ ಕೆಸರು ಒರೆಸಿಕೊಳ್ಳುತ್ತಿದ್ದವನು ತಲೆಯೆತ್ತಿ ತೊಲೆಯನ್ನು ನೋಡಿದ. ಆಮೇಲೆ ನೆಲವನ್ನು. ಮತ್ತೆ ತೊಲೆಯನ್ನು.

"ಕೆಳಗ ಕೂಡಾಕ ಬಿಡೂದಿಲ್ಲಂದ್ರ ಮ್ಯಾಲ ಕೂಡೂಣು," ಎಂದ. "ಕುಣಿ ಅರ್ಧಾ ಕಲ್ಲಿಲೆ ತುಂಬಸೂದು. ಅಷ್ಟ ಎತ್ತರ ಸುತ್ತ ನೆಲಾ ಏರಸೂದು. ಕುಣಿ ಮತ್ತ ಅಷ್ಟ ಆಳ ಆಕ್ಕೈತಿ. ನೀರು ಕೆಳಗ ಅದರ ಪಾಡಿಗೆ ಇರ್ಲಿ."

"ಮನಿತುಂಬ ನೆಲಾ ಏರಸ್ತೀಯಾ? ಕಲ್ಲು ಎಲ್ಲಿಂದ ತರ್ತಿ?" ಎಂದಳು ಆಯಿ.

"ಯಾರು ನೀರು ಕೊಟ್ಟಾರೋ ಅವರ ಕಲ್ಲು ಕೊಡ್ತಾರ."

ಖಣಿಯ ಮಗ್ಗುಲಲ್ಲಿ ಒಡೆದು ಬಿಸಾಡಿದ ಕಲ್ಲಿನ ಚೂರುಗಳು ಗುಡ್ಡಗುಡ್ಡವಾಗಿ ಬಿದ್ದಿರುತ್ತಿದ್ದವು. ಹೊತ್ತೊಯ್ದವರಿಗೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಹುಸೇನ ಕಾಕಾ ಒಂದು ಬಂಡಿ ಹೂಡಿಕೊಂಡು ಬಂದ. ಪ್ರಶ್ನೆ ಕಲ್ಲಿನದಾಗಿರಲಿಲ್ಲ, ನೆಲ ಏರಿಸುವಾಗ ಅರ್ಧ ನೇದ ಸೀರೆ ಎಲ್ಲಿರಬೇಕು? ಅಪ್ಪ ಎರಡು ಉದ್ದನೆಯ ಗಳ ತಂದು, ಬಿಗಿದ ಹಾಸಿನ ಎಡಕ್ಕೊಂದು ಬಲಕ್ಕೊಂದು ಇಟ್ಟು, ನಡುವೆ ಅಡ್ಡಕಟ್ಟಿಗೆಗಳನ್ನು ಬಿಗಿದು, ದಿಂಡು, ಎಳೆ ಬಡಿಯುವ ಹಣಿಗೆ, ಗೂಟ ಸಮೇತ ಇಡಿಯ ಮಗ್ಗವನ್ನು ಒಂದು ಏಣಿಯ ಹಾಗೆ ಕಟ್ಟಿದ. ನಾಲ್ಕು ಮೂಲೆಗೆ ನಾಲ್ಕು ಹಗ್ಗ ಹಾಕಿ ನಡುಮನೆಯ ತೊಲೆಗೆ ತೂಗಿಬಿಟ್ಟ. ಕಟ್ಟಿ ಮುಗಿದ ಮೇಲೆ ನಾವು ತಲೆಯೆತ್ತಿ ನೋಡಿದೆವು. ಎರಡು ಗಳ, ಅಡ್ಡಕಟ್ಟಿಗೆ, ಮೇಲೆ ಹೊದಿಸಿದಂತೆ ಹೊಸ ಅರಿವೆ. ಅದು ಏನನ್ನು ಹೋಲುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಾಯಿತು. ಆಯಿ ಸೀದಾ ಹೊರಗೆ ಹೋಗಿ, ಯಾರದೋ ಗಿಡದ ಮಾವಿನ ತಪ್ಪಲು ತಂದು, ನಾಲ್ಕೂ ಬದಿಗೆ ತೋರಣ ಕಟ್ಟಿಸಿದಳು.

"ಹಂದರಾ ಇದು," ಎಂದಳು. "ಕೇಳಿದವರಿಗೆ ಹಂದರಾ ಅನ್ರಿ. ಕೇಳದಿದ್ದವರಿಗೂ ಅನ್ರಿ."

ಹೀಗೆ ನಮ್ಮ ಮನೆಯಲ್ಲಿ ಮದುವೆಯ ಹಂದರ ಮದುವೆಗಿಂತ ಇಪ್ಪತ್ತು ದಿನ ಮೊದಲೇ, ಮನೆಯೊಳಗೇ ಎದ್ದಿತು. ಅದರ ಕೆಳಗೆ ಆರು ದಿನ ಬಾಳುವೆ ಮಾಡಿದೆವು. ಅಪ್ಪ ಕಲ್ಲು ಕೂಡಿಸಿದ, ಅವ್ವ ಮಣ್ಣು ಕಲಸಿದಳು. ಮದುಮಗಳಾಗಬೇಕಾದ ಅಕ್ಕ ತಲೆಯ ಮೇಲೆ ಸಿಂಬಿ ಇಟ್ಟು ಬಂಡಿಯಿಂದ ಕಲ್ಲು ಹೊತ್ತಳು. ನಾನು ನೀರು ತೋಡುತ್ತಲೇ ಇದ್ದೆ. ನೆಲದಡಿಯ ಗಂಗೆಗೆ ನಮ್ಮ ಯೋಜನೆಯನ್ನು ಯಾರೂ ತಿಳಿಸಿರಲಿಲ್ಲ. ಊಟಕ್ಕೆ ಕೂತರೆ ಹಸಿರು ಎಳೆಗಳ ನೆರಳು ತಾಟಿನೊಳಗೆ ಬೀಳುತ್ತಿತ್ತು. ತೊಲೆ ಆಗಾಗ ನಿಟ್ಟುಸಿರು ಬಿಡುವಂತೆ ಕಿರುಗುಟ್ಟುವುದು. ಎಲ್ಲರ ತುತ್ತೂ ಅರ್ಧಕ್ಕೆ ನಿಲ್ಲುವುದು. ಮತ್ತೆ ಬಾಯಿಗೆ ಹೋಗುವುದು. ಮಧ್ಯಾಹ್ನದ ಸೀಟಿಗೆ ಒಂದು ಕ್ರಮ ಹಾಕಿಕೊಂಡಿದ್ದೆವು. ಸೀಟಿ ಕೇಳಿದ್ದೇ ಕೈಯಲ್ಲಿದ್ದದ್ದನ್ನು ಬಿಟ್ಟು, ಅಪ್ಪ, ಅವ್ವ, ಅಕ್ಕ, ನಾನು ತಲಾ ಒಂದು ಹಗ್ಗ ಹಿಡಿದು ನಿಲ್ಲುವುದು. ಆಯಿ ನಡುವೆ ನಿಂತು ಮೇಲ್ವಿಚಾರಣೆ. ಸಪ್ಪಳ ಮುಗಿದು, ಹುಡಿ ಉದುರಿ, ಹಿತ್ತಾಳೆ ಸಾಮಾನು ಸುಮ್ಮನಾದ ಮೇಲೆ ಆಯಿ "ಆತು" ಎಂದರೆ ಹಗ್ಗ ಬಿಡುವುದು. ಐದು ದಿನ ಆಯಿ "ಆತು" ಎಂದಳು.

ಆರನೆಯ ದಿನ ಅಪ್ಪ ಕೊನೆಯ ಬಂಡಿ ಕಲ್ಲಿಗೆಂದು ಹುಸೇನ ಕಾಕಾನ ಜತೆ ಹೋದವನು ತಡಮಾಡಿದ. ಬಿಸಿಲು ಬಾಗಿಲಿಗೆ ಬಂದು ನಿಂತಿತ್ತು. ಅಕ್ಕ ತಲೆಯ ಮೇಲೆ ಕಲ್ಲು, ರೆಪ್ಪೆಯ ಮೇಲೂ ಹುಡಿ ಹೊತ್ತು ಒಳಗೆ ಬರುವುದಕ್ಕೂ, ಅವಳ ಬೆನ್ನಿಗೇ ಒಂದು ದನಿ ಕೇಳುವುದಕ್ಕೂ ಸರಿಹೋಯಿತು.

"ಯಾರ್ ಅದಾರಬೇ ಮನ್ಯಾಗ?"

ಅಮೀನಗಡದ ಬಸ್ಸು ಇಳಿದು, ಕರದಂಟಿನ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಬೀಗತಿ ಗಂಗವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಮೊದಲು ಕಲ್ಲು ಹೊತ್ತ ಸೊಸೆಯನ್ನು ನೋಡಿದಳು. ಆಮೇಲೆ ಅರ್ಧ ಏರಿದ, ಅರ್ಧ ಏರದ ನೆಲ. ಆಮೇಲೆ ಕುಣಿಯ ನೀರು. ಕೊನೆಗೆ ಕಣ್ಣು ಮೇಲೆ ಹೋಗಿ ಆ ಎರಡು ಗಳದ ಮೇಲೆ ನಿಂತಿತು. ಅವ್ವ ಕೆಸರಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮದುವೆ ಮುರಿಯುವುದಕ್ಕೆ ಇದಕ್ಕಿಂತ ಕಡಿಮೆ ಸಾಕಾಗುತ್ತಿತ್ತು. ನಮ್ಮ ಓಣಿಯಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಮುರಿದದ್ದನ್ನು ಬಲ್ಲೆ.

"ಹಂದರಾ," ಎಂದಳು ಆಯಿ, ಕೇಳುವ ಮೊದಲೇ.

ಸೀಟಿ ಊದಿತು.

ಅಕ್ಕ ಕಲ್ಲು ಅಲ್ಲೇ ಚೆಲ್ಲಿ ಹಗ್ಗಕ್ಕೆ ಹಾರಿದಳು. ನಾನು ನನ್ನದಕ್ಕೆ. ಅಪ್ಪನ ಮೂಲೆ ಖಾಲಿ. ಅವ್ವ ತನ್ನ ಹಗ್ಗ ಹಿಡಿದುಕೊಂಡೇ, ಜೀವಮಾನದಲ್ಲಿ ಮೊದಲ ಸಲ ಬೀಗತಿಯ ಮೇಲೆ ಕೂಗಿದಳು.

"ಹಿಡೀರಿ ಅದನ್ನ! ನಿಂತು ಏನ್ ನೋಡ್ತೀರಿ!"

ಗಂಗವ್ವ ಡಬ್ಬಿ ಕೆಳಗಿಟ್ಟಳೋ, ಎಸೆದಳೋ, ಹಗ್ಗ ಹಿಡಿದಳು. ಆಮೇಲೆ ಬಂದ ಸಪ್ಪಳ ಹಿಂದಿನ ಯಾವುದರ ಹಾಗೂ ಇರಲಿಲ್ಲ. ಅದು ಕಿವಿಗೆ ಬರಲಿಲ್ಲ, ಕಾಲಿನಿಂದ ಬಂತು. ತೊಲೆಯಲ್ಲಿ ಎಲುಬು ಮುರಿದಂತೆ ಲಟ್ ಎಂದಿತು. ಮಾಳಿಗೆಯ ಮಣ್ಣು ಬುಟ್ಟಿಗಟ್ಟಲೆ ಸುರಿದು ಏನೂ ಕಾಣದಾಯಿತು. ಆ ಮಬ್ಬಿನಲ್ಲಿ ಮಗ್ಗ ಒಂದು ಬದಿಗೆ ವಾಲಿ ಕೆಳಗೆ ಬಂತು, ಮತ್ತು ಬಂದದ್ದು ನೆಲಕ್ಕೆ ಬೀಳಲಿಲ್ಲ. ಹುಡಿ ಕೂತ ಮೇಲೆ ನೋಡಿದರೆ ಒಂದು ಗಳ ಅವ್ವನ ಹೆಗಲ ಮೇಲಿತ್ತು, ಇನ್ನೊಂದು ಗಂಗವ್ವನ ಹೆಗಲ ಮೇಲೆ. ಅಕ್ಕ ಹಿಂದಿನ ತುದಿಯನ್ನು ತಲೆಯ ಸಿಂಬಿಯ ಮೇಲೆ ಹೊತ್ತಿದ್ದಳು. ನಡುವೆ, ಹಾಸು ನೆಲ ಮುಟ್ಟದಂತೆ, ಆಯಿ ಎರಡೂ ಕೈಯೆತ್ತಿ ನಿಂತಿದ್ದಳು. ತೊಲೆಯ ನಡುವೆ ಕೈ ಹೋಗುವಷ್ಟು ಬಿರುಕು. ಅದು ಇನ್ನೂ ಮಾತಾಡುತ್ತಿತ್ತು.

"ನೀಲವ್ವಾ, ಓಡು. ಅಪ್ಪನ್ನ ಕರಕೊಂಡು ಬಾ," ಎಂದಳು ಅವ್ವ. "ನೀವು ಹೊರಗ ಹೋಗ್ರಿ ಬೀಗತೀ, ಮಾಳಗಿ ಬೀಳತೈತಿ."

"ನಾ ಹೋದ್ರ ಈ ಕಡೆ ಯಾರು ಹಿಡೀತಾರ?"

"ಕತ್ತರಿಸಿ ಬಿಡೂಣ ಬೇ," ಎಂದಳು ಅಕ್ಕ. ಅಳುತ್ತಿದ್ದಳು.

"ಬಾಯಿ ಮುಚ್ಚಿ ಹೊರು," ಎಂದಳು ಗಂಗವ್ವ. ಅವರಿಬ್ಬರ ಅತ್ತೆಸೊಸೆತನ ಆ ಕ್ಷಣಕ್ಕೆ ಶುರುವಾಯಿತೆಂದು ತಿಳಿಯಬಹುದು.

ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದ್ದು ಇಷ್ಟು.

"ಸೀರಿ ಎಲ್ಲಿಮಟಾ ಬಂತು ನೋಡೂಣಂತ ಬಂದಿದ್ನಿ," ಎಂದಳು ಗಂಗವ್ವ, ಏದುಸಿರು ಬಿಡುತ್ತ.

"ನೋಡ್ರಿ," ಎಂದಳು ಆಯಿ. "ಇಷ್ಟ ಹತ್ರದಿಂದ ಯಾರಿಗೂ ತೋರಿಸಿಲ್ಲ."

ಅಪ್ಪನೂ ಹುಸೇನ ಕಾಕಾನೂ ಓಣಿಯ ಬಾಯಲ್ಲೇ ಸಿಕ್ಕರು. ಅಪ್ಪ ಆ ಬಿರಿದ ಕಾಲಿನಲ್ಲಿ ಓಡಿದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ಅವರು ಬಂಡಿಯಲ್ಲಿದ್ದ ಉದ್ದನೆಯ ಕಲ್ಲೊಂದನ್ನು ಎಳೆದು ತಂದು ತೊಲೆಯ ಬಿರುಕಿನ ಕೆಳಗೆ ಕಂಬ ಕೊಟ್ಟರು. ಎತ್ತರ ಸಾಲದ್ದಕ್ಕೆ ಬುಡದಲ್ಲಿ ಹೊಸ ನೆಲದ ಚೂರುಗಳನ್ನು ಹೊಡೆದು ಬಿಗಿದರು. ಏರಿದ ನೆಲವಾದ್ದರಿಂದಲೇ ಆ ಕಲ್ಲು ಮುಟ್ಟಿತು. ಹಳೆಯ ನೆಲವಾಗಿದ್ದರೆ ಎರಡು ಅಡಿ ಗಿಡ್ಡ ಬೀಳುತ್ತಿತ್ತು ಎಂದು ಹುಸೇನ ಕಾಕಾ ಆಮೇಲೆ ಎಷ್ಟೋ ವರ್ಷ ಲೆಕ್ಕ ಹೇಳುತ್ತಿದ್ದ. ಹೆಂಗಸರು ಕೈ ಇಳಿಸಿದರು. ಆಯಿಗೆ ಮಾತ್ರ ಇಳಿಸಲು ಬರಲಿಲ್ಲ, ಕೀಲು ಹಿಡಿದುಕೊಂಡಿದ್ದವು. ಗಂಗವ್ವ ಅವಳ ಕೈಗಳನ್ನು ಒಂದೊಂದಾಗಿ ಮಡಚಿ ಮಡಿಲಲ್ಲಿಟ್ಟಳು. ಆಮೇಲೆ ನೆಲದಲ್ಲಿ ಚೆಲ್ಲಿದ್ದ ಕರದಂಟಿನ ಮೇಲಿನ ಹುಡಿ ಊದಿ, ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟಳು. ಮಣ್ಣು ಕರಕರ ಅನ್ನುತ್ತಿತ್ತು. ಯಾರೂ ಉಗುಳಲಿಲ್ಲ. ಮದುವೆಯ ಮಾತನ್ನೂ ಯಾರೂ ಎತ್ತಲಿಲ್ಲ. ಸಂಜೆಯ ಬಸ್ಸಿಗೆ ಏಳುವಾಗ ಅವಳು ಸುಕ್ಕಿದ್ದ ಆ ಒಂದು ಗೇಣನ್ನು ಬೆರಳಿನಿಂದ ಮುಟ್ಟಿ ನೋಡಿದ್ದನ್ನು ನಾನು ಕಂಡೆ. ಅಪ್ಪನೂ ಕಂಡು ತಲೆ ತಗ್ಗಿಸಿದ.

"ದಿನಾ ಭಾಳ ಉಳಿದಿಲ್ಲ," ಎಂದಳು ಅಪ್ಪನಿಗೆ, ಅಷ್ಟೇ. ಅದು ಮುರಿಯುವ ಮಾತೋ ಮುಗಿಸುವ ಮಾತೋ ತಿಳಿಯದೆ ಅವ್ವ ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಹೊಸ ಕುಣಿಗೆ ಮಗ್ಗ ಇಳಿಸಿ ಅಪ್ಪ ಬಿಟ್ಟಲ್ಲಿಂದ ಹಿಡಿದ. ಕೂತರೆ ತಲೆಗೂ ತೊಲೆಗೂ ಇದ್ದ ದೂರ ಈಗ ಕಡಿಮೆ. ಎದ್ದು ನಿಂತರೆ ತಲೆ ಬಗ್ಗಿಸಬೇಕು. ನಸುಕಿಗೆ ಕೂಡುವ ಮೊದಲು ದಿನಾ ಕರೆಯುವನು.

"ನೀಲವ್ವಾ, ಕೈ ಹಾಕಿ ನೋಡು."

ನಾನು ಬೋರಲು ಮಲಗಿ ಕುಣಿಯ ತಳಕ್ಕೆ ಕೈ ಚಾಚಿ, ಕಲ್ಲಿನ ಸಂದಿಗಳನ್ನು ಮುಟ್ಟಿ, "ಒಣಾ ಐತಿ ಯಪ್ಪಾ" ಎನ್ನುವೆ. ಅವನು ಕಾಲು ಇಳಿಬಿಡುವನು. ನಮ್ಮ ಮನೆಯಲ್ಲಿ ಲಿಂಗಪೂಜೆಗಿಂತ ಮೊದಲು ನಡೆಯುವ ಪೂಜೆ ಅದಾಯಿತು. ಮದುವೆಗೆ ಎರಡು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು, ಪೂರ್ತಿಯಾಗಿ. ಕತ್ತರಿ ಹಾಕುವಾಗ ಆಯಿ ಬೇರೆ ಕಡೆ ಮುಖ ತಿರುಗಿಸಿದಳು.

ಧಾರೆಯ ದಿನ ಸುಕ್ಕಿದ ಗೇಣು ನೆರಿಗೆಯೊಳಗೆ ಹೋಗುವಂತೆ ಉಡು ಎಂದು ಅವ್ವ ಅಕ್ಕನಿಗೆ ಹತ್ತು ಸಲ ಹೇಳಿದ್ದಳು. ಅಕ್ಕ ಅದನ್ನು ಎಡದ ಮೊಣಕಾಲಿನ ಮೇಲೆ, ಕೂತವರಿಗೆಲ್ಲ ಕಾಣುವಂತೆ ಉಟ್ಟಳು. ಬೇಕೆಂದು ಮಾಡಿದಳೋ ತಿಳಿಯದೆಯೋ, ಇವತ್ತಿಗೂ ಕೇಳಿದರೆ ನಗುತ್ತಾಳೆ. ಗಂಡಿನ ಕಡೆಯ ಒಬ್ಬ ಮುದುಕಿ, ಅಂಥವಳು ಪ್ರತಿ ಮದುವೆಗೂ ಒಬ್ಬಳು ಇರಲೇಬೇಕು, ಬಗ್ಗಿ ಸೀರೆಯನ್ನು ಚಿವುಟಿ ಹಿಡಿದು ಎಲ್ಲರಿಗೂ ಕೇಳುವಂತೆ ಅಂದಳು.

"ಇದೇನ್ ಬೇ, ನೇಕಾರರ ಮನಿ ಸೀರಿ ಇಲ್ಲೆ ಜಗ್ಗೈತಲ್ಲ!"

ಅಪ್ಪ ಕಂಬಕ್ಕೆ ಆತು ನಿಂತಿದ್ದ. ಅವನ ಕೈ ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡಂತೆ ಮುಷ್ಟಿಯಾಯಿತು. ಗಂಗವ್ವ ಅಕ್ಷತೆಯ ತಾಟು ಕೆಳಗಿಡದೆ, ತಿರುಗಿಯೂ ನೋಡದೆ ಅಂದಳು.

"ಅಲ್ಲೆ ನಾ ಕೈ ಹಚ್ಚೇನಿ. ಸೊಸಿ ಸೀರಿಗೆ ಅತ್ತಿ ಒಂದು ಗೇಣರ ನೇಯಬ್ಯಾಡೇನು? ನನಗ ಅಷ್ಟ ಬಂತು. ನಿಮಗ ಬರತೈತೇನು?"

ಮುದುಕಿ ಸೀರೆ ಬಿಟ್ಟಳು. ಅಪ್ಪನ ಮುಷ್ಟಿ ಬಿಚ್ಚಿಕೊಂಡಿತು. ಅಂಥ ಶುದ್ಧವಾದ ಸುಳ್ಳನ್ನು ನಾನು ಅದುವರೆಗೆ ಕೇಳಿರಲಿಲ್ಲ. ಎರಡು ದಿನಕ್ಕೆ ಅದು ನನಗೆ ಉಪಯೋಗಕ್ಕೆ ಬಂತು.

ಅಕ್ಕನನ್ನು ಕಳಿಸಿಕೊಟ್ಟ ಮೇಲೆ ಮನೆ ಭಣಭಣ ಎನ್ನುತ್ತಿತ್ತು. ಹಂದರದ ಮಾವಿನ ತಪ್ಪಲು ಒಣಗಿ ಮೂಲೆ ಸೇರಿತ್ತು. ಅಪ್ಪ ಹೊಸ ಹಾಸು ಹೂಡಿ, ತಲೆ ಬಗ್ಗಿಸಿ ಮಗ್ಗದ ಬಳಿಗೆ ಬಂದು, ಕಾಲು ಇಳಿಬಿಡದೆ ನಿಂತ.

"ನೀಲವ್ವಾ, ಕೈ ಹಾಕಿ ನೋಡು."

ನಾನು ಬೋರಲು ಮಲಗಿದೆ. ಕೈ ಚಾಚಿದೆ. ಕಲ್ಲಿನ ಸಂದಿಯಲ್ಲಿ ನನ್ನ ಬೆರಳ ತುದಿಗಳು ತಣ್ಣಗಾದವು. ಎರಡು ಅಡಿ ಕಲ್ಲನ್ನು ನೀರು ಇಷ್ಟು ಬೇಗ ಏರಿ ಬಂದಿತ್ತು. ಎದ್ದು, ಲಂಗದ ಅಂಚಿಗೆ ಕೈ ಒರೆಸಿಕೊಂಡು, ಗಂಗವ್ವನ ದನಿಯನ್ನು ಆದಷ್ಟು ನೆನಪು ಮಾಡಿಕೊಂಡು ಅಂದೆ.

"ಒಣಾ ಐತಿ ಯಪ್ಪಾ."

ಅಪ್ಪ ನನ್ನ ಮುಖ ನೋಡಲಿಲ್ಲ. ಲಂಗದ ಅಂಚು ನೋಡಿದ. ಅಲ್ಲಿ ನಾಲ್ಕು ಬೆರಳಿನ ಒದ್ದೆ ಗುರುತು ಇತ್ತು. ಬಹಳ ಹೊತ್ತು ನೋಡಿದ, ಅವ್ವ ಧೋತರವನ್ನು ನೋಡಿದ ಹಾಗೆ. ಆಮೇಲೆ ಅಂಚಿಗೆ ಕೂತು, ಕಾಲುಗಳನ್ನು ಮೆಲ್ಲಗೆ ಕುಣಿಗೆ ಇಳಿಬಿಟ್ಟು, ಲಾಳಿ ಕೈಗೆತ್ತಿಕೊಂಡ.

"ಹಂಗಾರ ಇವತ್ತ ನೇಯೂಣು," ಎಂದ. "ನೀ ಹೋಗಿ ಹುಸೇನನ್ನ ಕೇಳಿಕೊಂಡು ಬಾ, ನಾಳಿಗೆ ಬಂಡಿ ಖಾಲಿ ಐತೇನು ಅಂತ."